ಇಟಲಿಯನ್ನೆಲ್ಲ ನಗಿಸಿದ ಅಳು

ನಮ್ಮ ಊರು ಮೊಂತೆಸೋರ್ದೊದಲ್ಲಿ ಯಾರಾದರೂ ಕಣ್ಣು ಮುಚ್ಚಿದರೆ ಮೊದಲು ಕರೆ ಹೋಗುತ್ತಿದ್ದದ್ದು ಕಾರ್ಮೊಸೀನಾಳಿಗೆ, ಆಮೇಲೆ ಪಾದ್ರಿಗೆ. ಪಾದ್ರಿ ಎಲಿಜಿಯೊಗೆ ಈ ವಿಷಯದಲ್ಲಿ ಒಳಗೊಳಗೇ ಹೊಟ್ಟೆಯುರಿ ಇತ್ತು. ಏನು ಮಾಡುವುದು, ಅವನು ಲ್ಯಾಟಿನಿನಲ್ಲಿ ಓದುತ್ತಿದ್ದದ್ದು ಸತ್ತವನಿಗೂ ತಿಳಿಯುತ್ತಿರಲಿಲ್ಲ, ಹೊತ್ತವರಿಗೂ ತಿಳಿಯುತ್ತಿರಲಿಲ್ಲ. ಕಾರ್ಮೊಸೀನಾ ಆಡುವ ಮಾತು ಮೇಕೆ ಕಾಯುವವನಿಗೂ ತಿಳಿಯುತ್ತಿತ್ತು.

ಅವಳು ಹಾಡಿ ಅಳುವವಳು. ಶವಪೆಟ್ಟಿಗೆಯ ತಲೆಯ ಕಡೆ ನಿಂತು, ಬಿಳಿ ಕರವಸ್ತ್ರದ ಎರಡು ತುದಿ ಹಿಡಿದು, ಸತ್ತವರ ಮುಖದ ಮೇಲೆ ಆಚೆಯಿಂದೀಚೆಗೆ, ಈಚೆಯಿಂದಾಚೆಗೆ ಮೆಲ್ಲಗೆ ಬೀಸುತ್ತ, ಮೈಯನ್ನೂ ಅದರ ಜೊತೆಗೇ ತೂಗುತ್ತ ಅವರೊಂದಿಗೆ ಮಾತಾಡುತ್ತಿದ್ದಳು. ನೀನು ಬಿತ್ತಿದ ಗೋಧಿ ಇನ್ನೂ ಹಸಿರಾಗಿದೆಯಲ್ಲಪ್ಪ, ನಿನ್ನ ಕತ್ತೆ ಬಾಗಿಲಲ್ಲಿ ಕಿವಿ ನಿಮಿರಿಸಿ ನಿಂತಿದೆಯಲ್ಲಪ್ಪ, ಮೊನ್ನೆ ಹೆಂಡತಿಗೆ ಆಡಿದ ಮಾತನ್ನು ಹಿಂದಕ್ಕೆ ತಗೊಳ್ಳದೇ ಹೊರಟೆಯಲ್ಲಪ್ಪ, ಎಂದು. ಹಿಂದೆ ನಿಂತ ಇಬ್ಬರು ಹೆಂಗಸರು ಅವಳ ಸೊಲ್ಲಿಗೆ ಸೊಲ್ಲು ಕೂಡಿಸುತ್ತಿದ್ದರು. ಕಲ್ಲು ಒಡೆಯುವ ಗಂಡಸರು ಕೂಡ ಟೋಪಿಯಲ್ಲಿ ಮುಖ ಹುದುಗಿಸಿಕೊಳ್ಳುತ್ತಿದ್ದರು. ಸುತ್ತಲ ಮೂರು ಊರುಗಳಲ್ಲಿ ಮುದುಕರು, "ನಾನು ಕಾರ್ಮೊಸೀನಾಗಿಂತ ಮುಂಚೆ ಹೋದ್ರೆ ಸಾಕಪ್ಪ," ಎಂದು ಹರಸಿಕೊಳ್ಳುತ್ತಿದ್ದರು. ಇದಕ್ಕಿಂತ ದೊಡ್ಡ ಹೊಗಳಿಕೆ ನಮ್ಮ ಕಡೆ ಯಾರಿಗೂ ಸಿಕ್ಕಿದ್ದಿಲ್ಲ.

ಈ ವಿದ್ಯೆಗೆ ಎರಡು ಕಟ್ಟುಗಳಿದ್ದವು. ಸತ್ತವರಿಲ್ಲದೆ ಹಾಡಬಾರದು, ಅದು ಮೊದಲನೆಯದು. ಹೊಲದಲ್ಲಿ ಗುನುಗುವಂತಿಲ್ಲ, ಒಲೆ ಮುಂದೆ ಕೂತು ಕಲಿಸುವಂತಿಲ್ಲ. ಸುಮ್ಮನೆ ಹಾಡಿದ ಅಳು ತನಗೊಂದು ಹೆಣ ಹುಡುಕಿಕೊಂಡು ಬೀದಿ ಅಲೆಯುತ್ತದೆ ಎಂದು ನಂಬಿಕೆ. ಕಾರ್ಮೊಸೀನಾ ಸೋದರತ್ತೆಯಿಂದ ಕಲಿತದ್ದೂ ಸಾವಿನ ಮನೆಗಳಲ್ಲೇ, ಒಂದೊಂದು ಸಾವಿಗೆ ಒಂದೊಂದು ಸಾಲು. ಎರಡನೆಯದು, ಹಾಡು ಮುಗಿಯುವ ತನಕ ಯಾರೂ ನಗಬಾರದು. ನಗು ಕಿವಿಗೆ ಬಿದ್ದರೆ ಸತ್ತವನು ಹೊಸ್ತಿಲಲ್ಲೇ ಹಿಂದಕ್ಕೆ ತಿರುಗುತ್ತಾನೆ. ಆಮೇಲೆ ಅಲ್ಲಿಗೂ ಸಲ್ಲ, ಇಲ್ಲಿಗೂ ಸಲ್ಲ.

ಊರಿಗೆಲ್ಲ ಅತ್ತವಳಿಗೆ ತನ್ನ ಮಗನಿಗೆ ಅಳಲಾಗಿರಲಿಲ್ಲ. ಗಂಡ ಪಾಸ್ಕಾಲೆ ಬಯಲು ಸೀಮೆಯ ಸುಗ್ಗಿಗೆ ಹೋಗಿ ಚಳಿಜ್ವರ ತಂದು ಸತ್ತ, ಅವನಿಗೆ ಹಾಡಿ ಮುಗಿಸಿದ್ದಳು. ಮಗ ಜೆರಾರ್ದೊ ಇಪ್ಪತ್ತೊಂದರ ಪ್ರಾಯದಲ್ಲಿ ರಷ್ಯಾದ ಯುದ್ಧಕ್ಕೆ ಹೋದ. ಇಲ್ಲಿ ಬರೀ ಹಿಮ, ಉಣ್ಣೆ ಕಾಲುಚೀಲ ಕಳಿಸೆಂದು ಒಂದು ಕಾಗದ ಬಂತು. ಕಾಲುಚೀಲ ಹೋಯಿತು, ಉತ್ತರ ಬರಲಿಲ್ಲ. ಸರ್ಕಾರದ ಕಾಗದ ಮಾತ್ರ ಬಂತು, ಅದರಲ್ಲಿದ್ದದ್ದು ಒಂದೇ ಮಾತು, ಕಾಣೆಯಾಗಿದ್ದಾನೆ.

ಸತ್ತ ಎಂದಿದ್ದರೆ ಒಂದು ದಾರಿ ಇತ್ತು. ಬದುಕಿದ್ದಾನೆ ಎಂದಿದ್ದರೂ ಒಂದು ದಾರಿ ಇತ್ತು. ಕಾಣೆಯಾದವನಿಗೆ ಪಾದ್ರಿ ಗಂಟೆ ಬಾರಿಸುವುದಿಲ್ಲ, ಹೆಂಗಸರು ಸೊಲ್ಲು ಹಿಡಿಯುವುದಿಲ್ಲ, ಬದುಕಿರುವವನಿಗೆ ಅತ್ತರೆ ಅವನನ್ನು ಕೊಂದ ಹಾಗೆ. ಹನ್ನೆರಡು ವರ್ಷ ಅವಳು ದಿನಾ ಊಟದ ಹೊತ್ತಿಗೆ ಮೇಜಿನ ಮೇಲೆ ಅವನ ತಟ್ಟೆ ಇಟ್ಟಳು, ತೆಗೆದಳು. ತಾನು ಕಳಿಸಿದ ಕಾಲುಚೀಲ ಕಂಡೀತೇ ಎಂದು ರೈಲಿನಿಂದ ಇಳಿದವರ ಕಾಲುಗಳನ್ನು ನೋಡಿದಳು. ಮೊದಲೈದು ವರ್ಷ ಬರುತ್ತಾನೆಂದು ಕಾದಳು. ಆಮೇಲೆ, ಬರುವುದಿಲ್ಲ ಎಂದು ಮೈಗೆ ಗೊತ್ತಾದ ಮೇಲೆ, ಅವನು ಆ ಹಿಮದಲ್ಲಿ ಯಾರ ಅಳುವೂ ಇಲ್ಲದೆ ನಿಂತೇ ಇದ್ದಾನಲ್ಲ ಎಂಬುದೊಂದೇ ಸಂಕಟ ಉಳಿಯಿತು. ಮಗನಿಗೊಂದು ಅಂತ್ಯಸಂಸ್ಕಾರ ಆಗಬೇಕು, ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಸಾವಿರದ ಒಂಬೈನೂರ ಐವತ್ತೈದರ ಬೇಸಿಗೆಯಲ್ಲಿ ರೋಮಿನಿಂದ ಸಿನಿಮಾದವರು ಬಂದರು. ಎರಡು ಲಾರಿ, ಒಂದು ಕಾರು, ದೀಪಗಳಿಗೆ ಕರೆಂಟು ಮಾಡುವ ಒಂದು ಯಂತ್ರ. ಬಡ ಊರು ಬೇಕಾಗಿತ್ತಂತೆ, ನಮ್ಮದಕ್ಕಿಂತ ಬಡ ಊರು ಹುಡುಕಿದರೂ ಸಿಗಲಿಲ್ಲವಂತೆ. ಊರಿನವರು ಇದನ್ನು ಹೆಮ್ಮೆಯಿಂದ ಹೇಳಿಕೊಂಡರು, ಅದಕ್ಕೆ ಏನನ್ನಬೇಕೋ ನನಗೆ ಇವತ್ತಿಗೂ ತಿಳಿಯದು.

ಅವರಿಗೊಂದು ಹೆಣದ ಮೆರವಣಿಗೆ ಬೇಕಿತ್ತು. ಸಹಾಯಕ ನಿರ್ದೇಶಕ ತುಲ್ಲಿಯೊ ಎಂಬ ಕಪ್ಪು ಕನ್ನಡಕದ ಯುವಕ, ಹಾಡಿ ಅಳುವ ಹೆಂಗಸರನ್ನು ಬಾವಿಕಟ್ಟೆಯ ಹತ್ತಿರ ಸೇರಿಸಿ ಕೈಮುಗಿದು ಬೇಡಿದ.

"ಅಮ್ಮಂದಿರಾ, ಒಂದು ಗಂಟೆ ಕೆಲಸ ಅಷ್ಟೇ. ಪೆಟ್ಟಿಗೇಲಿ ನಮ್ಮ ನಟ ಮಲಗಿರ್ತಾರೆ. ನೀವು ಯಾವಾಗಲೂ ಅಳೋ ಹಾಗೇ ಅತ್ತರಾಯ್ತು."

ನೆರೆಮನೆಯ ಬ್ರಿಜಿದಾ ನಲವತ್ತು ವರ್ಷದಿಂದ ಕಾರ್ಮೊಸೀನಾಳ ಸೊಲ್ಲು ಹಿಡಿಯುತ್ತಿದ್ದವಳು. ಕೆಟ್ಟದ್ದು ತಟ್ಟದಿರಲೆಂದು ಕುಪ್ಪಸದೊಳಗೆ ಮೂರು ಸಲ ಉಗುಳಿಕೊಂಡಳು. "ಬದುಕಿರೋನಿಗೆ ಅಳೋದಾ? ನಿಮ್ಮವ್ವಂಗೆ ಹೋಗಿ ಅಳು ಅನ್ನು, ಹೋಗಯ್ಯ!"

"ಬರೀ ಆಟ ಅಮ್ಮಾ, ನಿಜ ಅಲ್ಲ."

"ನಿಂಗೆ ಆಟ. ನಾಳೆ ನನ್ನ ಮೊಮ್ಮಗ ಸತ್ತರೆ ನಿನ್ನ ಕಾರು ಬಂದು ಎತ್ಕೊಂಡು ಹೋಗುತ್ತಾ?"

ಹೆಂಗಸರೆಲ್ಲ ಬಿಂದಿಗೆ ಎತ್ತಿಕೊಂಡು ಹೊರಟರು. ಕಾರ್ಮೊಸೀನಾ ಮಾತ್ರ ಕಟ್ಟೆ ಮೇಲೆ ಕೂತೇ ಇದ್ದಳು. "ಪೆಟ್ಟಿಗೆ ನಿಜದ್ದಾ?" ಎಂದು ಕೇಳಿದಳು.

"ನಿಜದ್ದೇ ಅಮ್ಮಾ, ವಾಲ್‌ನಟ್ ಮರದ್ದು."

"ಗಂಟೆ ಬಾರಿಸ್ತೀರಾ?"

"ಪಾದ್ರಿಗಳನ್ನ ಒಪ್ಪಿಸಿದ್ದೀವಿ."

"ಊರವರೆಲ್ಲ ಬರ್ತಾರಾ? ಮೇಣದ ಬತ್ತಿ, ಹೊರೋರು ನಾಲ್ಕು ಜನ?"

"ಎಲ್ಲಾ ಇರುತ್ತೆ. ಯಾಕಮ್ಮಾ?"

"ಸುಮ್ನೆ ಕೇಳ್ದೆ," ಎಂದಳು. "ಬರ್ತೀನಿ ನಾನು."

ಮನೆಗೆ ಹೋದವಳು ಬ್ರಿಜಿದಾಳನ್ನು ಕೋಳಿಗೂಡಿನ ಹಿಂದೆ ಎಳೆದುಕೊಂಡು ಹೋಗಿ ಬಿಚ್ಚಿ ಹೇಳಿದಳು. "ನೋಡು, ಅವರ ಹತ್ರ ಪೆಟ್ಟಿಗೆ ಐತೆ, ಸತ್ತೋನಿಲ್ಲ. ನನ್ನ ಹತ್ರ ಸತ್ತೋನಿದ್ದಾನೆ, ಪೆಟ್ಟಿಗೆ ಇಲ್ಲ. ನಾನು ಜೆರಾರ್ದೊಗೆ ಅಳ್ತೀನಿ. ಅವರು ಏನಾದ್ರೂ ಅಂದ್ಕೊಳ್ಳಲಿ. ಸತ್ತೋರಿಲ್ದೆ ಹಾಡಿದ ಹಾಗೂ ಆಗಲ್ಲ, ನನ್ನ ಮಗಂಗೆ ದಾರಿನೂ ಆಗುತ್ತೆ. ನೀನು ಸೊಲ್ಲು ಹಿಡೀಬೇಕು."

ಬ್ರಿಜಿದಾ ಗೂಡಿನ ಆಚೀಚೆ ಇಣುಕಿದಳು. "ಪಾದ್ರಿಗೆ ತಿಳಿದರೆ?"

"ನೀನು ಹೇಳ್ತೀಯಾ?"

"ನಾನ್ಯಾಕೆ ಹೇಳ್ಲಿ," ಎಂದು ಬ್ರಿಜಿದಾ ತಲೆವಸ್ತ್ರದ ತುದಿಯಲ್ಲಿ ಮೂಗು ಒರೆಸಿಕೊಂಡಳು. "ನಾನೇ ಎತ್ತಿ ಆಡಿಸಿದ ಕೂಸಲ್ವಾ ಅದು."

ಜಾಣತನ ಅಂದರೆ ಹೀಗಿರಬೇಕು ಎಂದು ಕಾರ್ಮೊಸೀನಾಳಿಗೆ ಆ ದಿನ ಅನ್ನಿಸಿತ್ತು. ಸರ್ಕಾರ ಕೊಡದ ಸಾವನ್ನು, ಪಾದ್ರಿ ಬಾರಿಸದ ಗಂಟೆಯನ್ನು ರೋಮಿನವರ ಖರ್ಚಿನಲ್ಲಿ ಮಗನಿಗೆ ದೊರಕಿಸಿಕೊಡುತ್ತಿದ್ದಳು. ಮೋಸ ಮಾಡುತ್ತಿರುವವಳು ತಾನು ಎಂದುಕೊಂಡಿದ್ದಳು ಪಾಪ.

ಚಿತ್ರೀಕರಣ ಇಗರ್ಜಿಯ ಮುಂದಿನ ಚೌಕದಲ್ಲಿ, ಬೆಳಗಿನ ಹತ್ತು ಗಂಟೆಗೆ. ಪೆಟ್ಟಿಗೆಯಲ್ಲಿ ರೋಮಿನ ನಟ ಮುಖಕ್ಕೆ ಹಿಟ್ಟು ಬಳಿದುಕೊಂಡು ಕಣ್ಣು ಮುಚ್ಚಿ ಮಲಗಿದ್ದ. ಕಾರ್ಮೊಸೀನಾ ಅವನ ಮುಖ ನೋಡಲಿಲ್ಲ. ಗಂಟೆ ಬಿತ್ತು, ಕರವಸ್ತ್ರ ಬೀಸಿದಳು, ಬಾಯಿ ತೆರೆದಳು. ಅವ್ವನ ಜೆರಾರ್ದೊ, ಆ ಕಾಲುಚೀಲ ನಿನಗೆ ಸಿಕ್ಕಿತೋ ಇಲ್ಲವೋ, ಅವ್ವನ ಜೆರಾರ್ದೊ, ನಿನ್ನ ಕಾಲು ತಣ್ಣಗಾದಾಗ ಉಜ್ಜುವವರು ಯಾರಿದ್ದರೋ, ನೀನು ಬರುತ್ತೀಯೆಂದು ಅಂಜೂರದ ಮರ ಕಡಿಸಲಿಲ್ಲವೋ. ಹನ್ನೆರಡು ವರ್ಷ ಕಟ್ಟಿಕೊಂಡಿದ್ದ ನೀರು ಒಂದೇ ಸಲಕ್ಕೆ ಹರಿಯಿತು. ಬ್ರಿಜಿದಾ ಒಬ್ಬಳೇ ಸೊಲ್ಲು ಹಿಡಿಯುತ್ತ ನಡುವೆ ಬಿಕ್ಕಿದಳು. ಸುತ್ತ ನಿಂತ ಊರವರಿಗೆ ಮಾತು ಕೇಳುತ್ತಿರಲಿಲ್ಲ, ಯಂತ್ರದ ಗುರುಗುರು ಅಷ್ಟು ಜೋರಾಗಿತ್ತು. ಆದರೂ ಎಲ್ಲರೂ ಅತ್ತರು. ನಿರ್ದೇಶಕ ಎದ್ದು ಬಂದು ಅವಳ ಕೈಗೆ ಮುತ್ತಿಟ್ಟ. ಇನ್ನೊಮ್ಮೆ ಎಂದು ಕೇಳಿದ್ದಕ್ಕೆ ಅವಳು ಆಗದೆಂದು ತಲೆಯಾಡಿಸಿದಳು. ಒಬ್ಬನಿಗೆ ಒಂದೇ ಸಲ.

ಆ ದಿನ ಮಧ್ಯಾಹ್ನ ಮಗಳು ಮಿಕೆಲೀನಾ ಅವರೆಕಾಳಿನ ಸಾರು ತಂದವಳು ಮೇಜು ನೋಡಿ ಕೇಳಿದಳು. "ಅವ್ವಾ, ಅಣ್ಣನ ತಟ್ಟೆ ಎಲ್ಲಿ?"

"ತೊಳ್ದು ಎತ್ತಿಟ್ಟೆ."

ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಎರಡು ಮನೆ ಆಚೆ ಗಂಡನ ಜೊತೆ ಇದ್ದ ಮಿಕೆಲೀನಾ ಬಾಯಿ ಜೋರಿನವಳು, ಅವಳ ಕಿವಿಗೆ ಬಿದ್ದದ್ದು ಪಾದ್ರಿಗೆ ತಲುಪದೆ ಇರುತ್ತಿರಲಿಲ್ಲ. ಕಾರ್ಮೊಸೀನಾ ಆ ಚಳಿಗಾಲವೆಲ್ಲ ಹಗುರಾಗಿ ಓಡಾಡಿದಳು. ರೈಲು ಬಂದರೂ ಬಾಗಿಲಿಗೆ ಹೋಗುತ್ತಿರಲಿಲ್ಲ.

ಚಿತ್ರ ರೋಮಿನಲ್ಲಿ ಓಡಿತು, ಮಿಲಾನಿನಲ್ಲಿ ಓಡಿತು, ಎಲ್ಲೋ ಬಹುಮಾನವೂ ಬಂತು. ಅಂಚೆ ಕಚೇರಿಯ ಗೋಡೆಗೆ ಪತ್ರಿಕೆಯ ತುಣುಕು ಅಂಟಿಸಿದರು. ಮರುವರ್ಷ ಏಪ್ರಿಲಿನ ಒಂದು ಭಾನುವಾರ ಮಧ್ಯಾಹ್ನ ಅದನ್ನು ನಮ್ಮ ಊರಿಗೇ ತಂದು, ಧಾನ್ಯದ ಗೋದಾಮು ಗುಡಿಸಿ, ಕಿಟಕಿಗಳಿಗೆ ಕಂಬಳಿ ಕಟ್ಟಿ ತೋರಿಸಿದರು. ಕಾರ್ಮೊಸೀನಾಳಿಗೆ ಮುಂದಿನ ಸಾಲಿನಲ್ಲಿ ಕುರ್ಚಿ. ಒಂದು ಕಡೆ ಮಿಕೆಲೀನಾ, ಇನ್ನೊಂದು ಕಡೆ ಬ್ರಿಜಿದಾ. ಕಾರ್ಮೊಸೀನಾ ಮದುವೆಯ ಓಲೆ ಹಾಕಿಕೊಂಡು ಬಂದಿದ್ದಳು. ಮಗನ ಅಂತ್ಯಸಂಸ್ಕಾರವನ್ನು ಇನ್ನೊಂದು ಸಲ ನೋಡುವ ಭಾಗ್ಯ ಎಷ್ಟು ತಾಯಂದಿರಿಗೆ ಸಿಗುತ್ತದೆ?

ಅದು ಹಾಸ್ಯದ ಚಿತ್ರ ಎಂದು ತುಲ್ಲಿಯೊ ಅವಳಿಗೆ ಹೇಳಿರಲಿಲ್ಲ. ಹೇಳಿದರೆ ಅಳು ಸರಿಯಾಗಿ ಬರಲಿಕ್ಕಿಲ್ಲ ಎಂಬ ಲೆಕ್ಕ ಅವನದು. ಇಬ್ಬರು ಹೆಂಗಸರಿಗೆ ಮದುವೆಯ ಮಾತು ಕೊಟ್ಟ ಒಬ್ಬ ಮಾತುಗಾರ ತಪ್ಪಿಸಿಕೊಳ್ಳಲು ಸತ್ತಂತೆ ನಟಿಸುತ್ತಾನೆ, ಅದು ಕಥೆ. ಅರ್ಧ ಕಳೆಯುವ ಹೊತ್ತಿಗೆ ಗೋದಾಮು ಬಿದ್ದು ಬಿದ್ದು ನಗುತ್ತಿತ್ತು. ಆಗ ಚೌಕ ಬಂತು, ಗಂಟೆ ಬಿತ್ತು, ಪರದೆಯ ತುಂಬ ಕಾರ್ಮೊಸೀನಾಳ ಮುಖ.

ಅವಳ ಬಾಯಿ ತೆರೆಯಿತು, ಬಂದದ್ದು ಇನ್ನಾರದೋ ದನಿ. ನಮ್ಮ ದೇಶದಲ್ಲಿ ಸಿನಿಮಾದ ಮಾತನ್ನು ಆಮೇಲೆ ರೋಮಿನಲ್ಲಿ ಬೇರೆಯವರ ಬಾಯಿಂದ ಹೇಳಿಸಿ ಸೇರಿಸುವುದು ರೂಢಿ, ಅದು ಹಳ್ಳಿಯವರಿಗೆ ಯಾರು ಹೇಳಬೇಕು. ಕೋಳಿ ಕೂಗಿದಂಥ ಒಂದು ಹೆಣ್ಣುದನಿ, ಸತ್ತವನು ತಿನ್ನುತ್ತಿದ್ದ ಮೆಣಸಿನಕಾಯಿ ಎಷ್ಟು, ಸಾಸೇಜು ಎಷ್ಟು, ಯಾರ ಯಾರ ಮನೆಯ ಕಿಟಕಿ ಹತ್ತಿದ್ದ ಎಂದು ಎಣಿಸಿತು. ಅಷ್ಟರಲ್ಲಿ ಅವಳ ಕರವಸ್ತ್ರದ ತುದಿ ನಟನ ಮೂಗಿಗೆ ತಾಗಿತು. ಮೂಗು ಅದುರಿತು. ಕರವಸ್ತ್ರ ಮತ್ತೆ ಬಂತು. ಮೂಗು ಮತ್ತೆ ಅದುರಿತು. ಮೂರನೆಯ ಸಲಕ್ಕೆ ಹೆಣ ಆಕ್ಷೀ ಎಂದು ಸೀನಿ ಪೆಟ್ಟಿಗೆಯಲ್ಲಿ ಎದ್ದು ಕೂತಿತು. ಹಿಟ್ಟು ಹೊಗೆಯಂತೆ ಹಾರಿತು. ಆ ಮೂಗನ್ನೂ ಸೀನನ್ನೂ ಅವರು ಇನ್ನೊಂದು ದಿನ, ಅವಳಿಲ್ಲದಾಗ ತೆಗೆದಿದ್ದರು.

ಗೋದಾಮಿನ ಹೆಂಚು ಹಾರಿಹೋಗುವಂಥ ನಗು. ಕ್ಷೌರಿಕ ನಿಕೋಲಾ ಕುರ್ಚಿಯಿಂದ ಕೆಳಗೆ ಬಿದ್ದ. ಕಾರ್ಮೊಸೀನಾ ಎಡಕ್ಕೆ ತಿರುಗಿದಳು. ಬ್ರಿಜಿದಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು. ಬಲಕ್ಕೆ ತಿರುಗಿದಳು. ಮಿಕೆಲೀನಾ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ತಂದುಕೊಂಡು ನಗುತ್ತಿದ್ದಳು.

"ಅವ್ವಾ, ನೋಡೇ ನಿನ್ನ! ನೀನೇ ಕಣೇ ಅದು!"

ಮನೆಗೆ ಬಂದ ಮೇಲೆ ಬ್ರಿಜಿದಾ ಮಿಕೆಲೀನಾಳಿಗೆ ಎಲ್ಲವನ್ನೂ ಹೇಳಿದಳು. ಮಗಳು ಗೋಡೆಗೆ ತಲೆ ಚಚ್ಚಿಕೊಂಡಳು. ಕಾರ್ಮೊಸೀನಾ ಓಲೆ ಬಿಚ್ಚಿಟ್ಟಳು. ಮರುದಿನ ಅಂಚೆ ಕಚೇರಿಗೆ ಹೋಗಿ ಗೋಡೆಯ ತುಣುಕನ್ನು ಓದಿಸಿದಳು. ಅಂಚೆಯವನು ಸಂತೋಷದಿಂದ ಓದಿದ. ಬಡವರ ಬಗ್ಗೆ ಅಪಾರ ಕರುಣೆಯಿರುವ ಹಾಸ್ಯ ಎಂದಿತ್ತು. ಹೆಸರಿಲ್ಲದ ಹಳ್ಳಿಯ ಮುದುಕಿಯೊಬ್ಬಳು ಇಡೀ ಇಟಲಿಗೆ ಹೊಟ್ಟೆ ಹುಣ್ಣಾಗುವಂತೆ ನಗುವುದನ್ನು ಕಲಿಸಿದಳು ಎಂದಿತ್ತು.

"ಎಷ್ಟು ಊರಲ್ಲಿ ತೋರಿಸ್ಯವ್ರೆ ಇದನ್ನ?"

"ಎಷ್ಟು ಅಂದ್ರೆ? ಎಲ್ಲಾ ಊರಲ್ಲೂ ಕಣಕ್ಕಾ. ಫ್ರಾನ್ಸಿಗೂ ಹೋಗೈತಂತೆ. ನಿನ್ನ ಪುಣ್ಯ!"

ಅಷ್ಟು ಊರುಗಳಲ್ಲಿ, ಅಷ್ಟು ದಿನ, ದಿನಕ್ಕೆ ಮೂರು ಆಟ, ಜೆರಾರ್ದೊ ಹೊಸ್ತಿಲಿನಿಂದ ಹಿಂದಕ್ಕೆ ತಿರುಗಿದ್ದ. ಮನೆಗೆ ಬಂದು ತಟ್ಟೆಯನ್ನು ಮತ್ತೆ ಮೇಜಿನ ಮೇಲೆ ಇಟ್ಟಳು.

ಊರಿನವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದು ಬಾಗಿಲು ಹಾಕಿಕೊಳ್ಳಬಹುದಿತ್ತು, ಇವರು ಪ್ರೀತಿಯಿಂದಲೇ ನಕ್ಕರು. ನಿಕೋಲಾ ಗಿರಾಕಿಯ ಮುಖದ ಮೇಲೆ ಟವೆಲು ಬೀಸಿ ಸೀನಿಸುವುದನ್ನು ಕಲಿತ. ಮದುವೆಗಳಲ್ಲಿ, "ಕಾರ್ಮೊಸೀನಕ್ಕಾ, ಒಂದು ಸಲ ಬೀಸಿಬಿಡು, ಮದುಮಗ ಎಚ್ಚರ ಆಗ್ಲಿ," ಎನ್ನುತ್ತಿದ್ದರು. ಅವಳಿಗೆ ಗೌರವ ಹೆಚ್ಚಿತ್ತು, ದ್ರಾಕ್ಷಾರಸ ಮೊದಲು ಅವಳಿಗೇ. ಗುಟ್ಟು ಮೂವರಲ್ಲೇ ಉಳಿದಿತ್ತು, ಇನ್ನೊಬ್ಬರಿಗೆ ಹೇಳಿದ್ದರೆ ಅದನ್ನೂ ಸೇರಿಸಿ ನಗುತ್ತಿದ್ದರೋ ಏನೋ.

ಜೂನಿನಲ್ಲಿ ಹೇಸರಗತ್ತೆ ಹೊಡೆಯುವ ಸಾವೆರಿಯೊನ ಅಪ್ಪ ಸತ್ತ. ಕಾರ್ಮೊಸೀನಾಳನ್ನು ಕರೆದರು, ಮುದುಕನ ಕೊನೆಯಾಸೆಯೇ ಅದಾಗಿತ್ತು. ಅವಳು ತಲೆಯ ಕಡೆ ನಿಂತು ಕರವಸ್ತ್ರ ಬಿಡಿಸಿದಳು. ಮೊದಲ ಸಾಲು ಸರಿಯಾಗಿಯೇ ಹೋಯಿತು. ಎರಡನೆಯದಕ್ಕೆ ತಲೆಯೆತ್ತಿ ನೋಡಿದರೆ ಮನೆ ತುಂಬಿದ ಜನರಲ್ಲಿ ಒಬ್ಬರೂ ಅವಳನ್ನು ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಹೆಣದ ಮೂಗಿನ ಮೇಲಿತ್ತು. ಕರವಸ್ತ್ರ ಬಂದಾಗ ಉಸಿರು ಹಿಡಿಯುತ್ತಿದ್ದರು, ಹೋದಾಗ ಬಿಡುತ್ತಿದ್ದರು. ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಅಷ್ಟೇ ಸಾಕಾಯಿತು, ಉಕ್ಕುವ ಹಾಲಿಗೆ ಮುಚ್ಚಳ ಎಲ್ಲಿ? ಸತ್ತವನ ಹೆಂಡತಿ, ಐವತ್ತು ವರ್ಷ ಅವನ ಜೊತೆ ಬಾಳಿದವಳು, ತಾನೂ ನಕ್ಕಳು. ನಕ್ಕು, ತನ್ನ ಕೆನ್ನೆಗೆ ತಾನೇ ಬಾರಿಸಿಕೊಂಡಳು.

ಸಾವೆರಿಯೊ ಕಾರ್ಮೊಸೀನಾಳ ತೋಳು ಹಿಡಿದು ಹೊರಗೆ ಕರೆತಂದ. "ಅತ್ತೇ, ನಿನ್ನ ಕಾಲಿಗೆ ಬೀಳ್ತೀನಿ, ಮನೆಗೆ ಹೋಗು. ನಿಂದೇನೂ ತಪ್ಪಿಲ್ಲ. ಆದ್ರೆ ಹೋಗು."

ಆಮೇಲೆ ಅವಳನ್ನು ಯಾವ ಸಾವಿಗೂ ಕರೆಯಲಿಲ್ಲ. ಮೂರು ಊರುಗಳಲ್ಲಿ ಸದ್ದಿಲ್ಲದೆ ಹೂಳತೊಡಗಿದರು. ನಲವತ್ತು ವರ್ಷದ ವಿದ್ಯೆ ಒಂದು ಸೀನಿಗೆ ಹೋಯಿತು. ಆದರೆ ಅವಳನ್ನು ಕೊರೆಯುತ್ತಿದ್ದದ್ದು ಅದಲ್ಲ. ಒಬ್ಬನಿಗೆ ಒಂದೇ ಸಲ ಎಂಬ ಮಾತು ಸರಿ, ಆದರೆ ನಗುವಿನಿಂದ ಮುರಿದದ್ದು ಲೆಕ್ಕಕ್ಕೆ ಬರುತ್ತದೆಯೇ? ಕೇಳಲು ಬೇರೆ ಯಾರೂ ಇರಲಿಲ್ಲ, ಪಾದ್ರಿಯ ಹತ್ತಿರ ಹೋಗಿ ತಪ್ಪೊಪ್ಪಿಗೆಯಲ್ಲಿ ಎಲ್ಲ ಹೇಳಿದಳು.

ಪಾದ್ರಿ ಎಲಿಜಿಯೊ ಸಿಟ್ಟಾಗುತ್ತಾನೆಂದುಕೊಂಡಿದ್ದಳು. ಅವನು ನಡುವಿನ ಜಾಲರಿಯ ಆಚೆಯಿಂದ, "ಆ ಗಂಟೆ ನಾನೇ ಬಾರಿಸಿದ್ದು ಕಾರ್ಮೊಸೀನಾ," ಎಂದ. "ಇಗರ್ಜಿಯ ಸೂರು ಸೋರ್ತಿತ್ತು. ಹೆಂಚಿಗೆ ಅಂತ ದುಡ್ಡು ಕೊಟ್ಟರು, ತಗೊಂಡೆ. ನಾನೂ ಆ ಗೋದಾಮಿನಲ್ಲಿ ನಕ್ಕೆ."

"ಈಗೇನು ಮಾಡ್ಲಿ ಸ್ವಾಮಿ?"

"ನನಗೆ ಗೊತ್ತಿಲ್ಲ. ಪ್ರಾರ್ಥನೆ ಮಾಡು."

ಪ್ರಾರ್ಥನೆ ಮಾಡು ಎಂದರೆ ಏನೂ ತೋಚುತ್ತಿಲ್ಲ ಎಂದರ್ಥ, ಇದು ಅವಳಿಗೂ ಗೊತ್ತಿತ್ತು. ಮನೆಗೆ ಬಂದು ತಾನೇ ತೀರ್ಮಾನಿಸಿದಳು. ಇನ್ನೊಮ್ಮೆ ಹಾಡಬೇಕು. ಪೆಟ್ಟಿಗೆ ಬೇಡ, ಗಂಟೆ ಬೇಡ, ಊರೂ ಬೇಡ. ಸೊಲ್ಲು ಹಿಡಿಯಲು ಇಬ್ಬರು ಇದ್ದರೆ ಸಾಕು. ಬ್ರಿಜಿದಾ ಒಪ್ಪಿದಳು. ಇನ್ನೊಬ್ಬಳಿಗಾಗಿ ಹುಡುಕುವ ಮೊದಲೇ ಮಿಕೆಲೀನಾ ಬಂದು, "ನಾನು ಹಿಡೀತೀನಿ ಅವ್ವಾ. ನಕ್ಕ ಬಾಯಿಂದಲೇ ಹಿಡೀತೀನಿ. ಬೇಡ ಅನ್ನಬೇಡ," ಎಂದು ಹಟ ಹಿಡಿದಳು. ಆ ಸಿನಿಮಾ ನೋಡಿದ ದಿನದಿಂದ ಅವಳು ಅಮ್ಮನ ಮುಖ ನೇರ ನೋಡಿರಲಿಲ್ಲ.

ನವೆಂಬರ್ ಎರಡು, ಸತ್ತವರ ದಿನ. ಬೆಳಗಿನ ಪೂಜೆ ಮುಗಿಸಿ ಮೂವರೂ ಮನೆಗೆ ಬಂದರು. ಒಲೆಯ ಮೇಲೆ ಆ ದಿನದ ರೂಢಿಯಂತೆ ದ್ರಾಕ್ಷಿ ಪಾಕದಲ್ಲಿ ಬೇಯಿಸಿದ ಗೋಧಿ ಇತ್ತು. ಕಾರ್ಮೊಸೀನಾ ಬಾಗಿಲಿಗೆ ಅಗಳಿ ಹಾಕಿ, ಬಟ್ಟೆ ಪೆಟ್ಟಿಗೆಯಿಂದ ಜೆರಾರ್ದೊನ ಭಾನುವಾರದ ಕೋಟು ತೆಗೆದು ಮಂಚದ ಮೇಲೆ ಹಾಸಿದಳು. ತೋಳುಗಳನ್ನು ಎದೆಯ ಮೇಲೆ ಮಡಿಸಿದಳು, ಗುಂಡಿ ಹಾಕಿದಳು, ಕಾಲರು ನೆಟ್ಟಗೆ ಮಾಡಿದಳು. ತೊಟ್ಟರೆ ಹಂಸ ಅಂದರೆ ಅವನೇ ಎಂದು ಊರ ಹುಡುಗಿಯರು ಆಡಿಕೊಳ್ಳುತ್ತಿದ್ದ ಕೋಟು ಅದು. ನುಸಿ ತಿಂದು ಭುಜದ ಹತ್ತಿರ ಎರಡು ತೂತಾಗಿತ್ತು.

ಕರವಸ್ತ್ರ ಬಿಡಿಸಿ ಹಾಡಿದಳು. ಅವ್ವನ ಜೆರಾರ್ದೊ, ಜನ ನಕ್ಕರೆಂದು ಬೇಜಾರಾಗಬೇಡವೋ, ಅವರಿಗೆ ನೀನೆಂದು ತಿಳಿಯದೋ. ಬ್ರಿಜಿದಾಳ ದನಿ ಕೂಡಿತು, ಮಿಕೆಲೀನಾಳ ದನಿಯೂ ಕೂಡಿತು. ದನಿ ಮೊದಲಿನಂತೆಯೇ ಇತ್ತು, ತುಕ್ಕು ಹಿಡಿದಿರಲಿಲ್ಲ. ಅವ್ವನ ಜೆರಾರ್ದೊ, ಇನ್ನು ನಿಲ್ಲಬೇಡವೋ, ನಡೆಯೋ ಕಂದ, ಒಳಗೆ ನಡೆಯೋ. ಮಿಕೆಲೀನಾ ತಲೆ ತಗ್ಗಿಸಿದ್ದಳು, ಭುಜ ಅಲುಗುತ್ತಿತ್ತು. ಸದ್ಯ ಅತ್ತಳಲ್ಲ, ಅಣ್ಣನಿಗಾಗಿ ಕೊನೆಗೂ ಅತ್ತಳಲ್ಲ ಎಂದು ತಾಯಿಯ ಕರುಳು ತಣ್ಣಗಾಯಿತು. ಕರವಸ್ತ್ರ ಕಾಲರಿನ ಮೇಲೆ ಹೋಯಿತು, ಬಂತು, ಮತ್ತೆ ಹೋಯಿತು.

ಮಿಕೆಲೀನಾಳ ಮೂಗಿನಿಂದ ಒಂದು ಸದ್ದು ಹೊರಬಿತ್ತು. ತುಟಿ ಕಚ್ಚಿ ಹಿಡಿದದ್ದು ತಪ್ಪಿಸಿಕೊಂಡು ಬಂದ ಸದ್ದು. ಅಳುವಲ್ಲ.

ಬ್ರಿಜಿದಾಳ ದನಿ ನಿಂತಿತು. ಮಿಕೆಲೀನಾ ಮಂಚದ ಪಕ್ಕ ಕುಸಿದು ತಾಯಿಯ ಲಂಗ ಹಿಡಿದುಕೊಂಡಳು. ನಗು ಇನ್ನೂ ನಿಂತಿರಲಿಲ್ಲ, ಅದರೊಳಗೇ ಅಳುತ್ತಿದ್ದಳು. "ನನ್ನ ಬಾಯಿಗೆ ಮಣ್ಣು ಹಾಕು ಅವ್ವಾ! ಅಳ್ತಾನೇ ಇದ್ದೆ. ಕರವಸ್ತ್ರ ಅಲ್ಲಿಗೆ ಬಂದಾಗ... ಮೂಗು ಎಲ್ಲೈತೆ ಅಂತ ಕಣ್ಣು ತಾನಾಗೇ ಹೋಯ್ತು. ನಾನು ನೋಡ್ಲಿಲ್ಲ, ಅದು ತಾನಾಗೇ ಹೋಯ್ತು!"

"ಮುಂಡೇದೇ!" ಎಂದು ಬ್ರಿಜಿದಾ ಕೈಯೆತ್ತಿದಳು.

"ಬಿಡು ಅವಳನ್ನ," ಎಂದಳು ಕಾರ್ಮೊಸೀನಾ. ಮಂಚದ ಅಂಚಿನಲ್ಲಿ ಕೂತು, ಕರವಸ್ತ್ರವನ್ನು ಮೊಣಕಾಲ ಮೇಲೆ ಹಾಕಿಕೊಂಡು, ಮಗಳ ತಲೆಯ ಮೇಲೆ ಕೈಯಿಟ್ಟಳು.

"ನಾನೂ ಅಲ್ಲೇ ನೋಡ್ತಿದ್ದೆ ಕಣೇ," ಎಂದಳು. "ಸೀನ್ತಾನೇನೋ ಅಂತ."